ಹಳೆಯ ಗೋಡೆಗೆ ಡ್ರಿಲ್ ಹಿಡಿಯುವ ಮೊದಲು: ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ದೂರವಾಣಿ ಕೆಲಸದಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಹಾಸನ, ಬೇಲೂರು, ಸಕಲೇಶಪುರ, ಅರಕಲಗೂಡು ಕಡೆಯ ಹಳೆಯ ಮನೆ, ಬಂಗಲೆ, ಕಚೇರಿಗಳ ಗೋಡೆಗಳ ಮೇಲೆ ತಂತಿ ಎಳೆದೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆಯಿತು. ಆ ಅನುಭವದಿಂದ ತಮಗೊಂದು ಮಾತು ಹೇಳಬೇಕಾಗಿದೆ. ನಮ್ಮ ಜಿಲ್ಲೆಯ ಹಳೆಯ ವಸ್ತುಸಂಗ್ರಹಾಲಯವೊಂದರ ಪ್ರತಿ ಕೋಣೆಗೂ ಹೊಸ ಕಂಪ್ಯೂಟರ್ ಕೇಬಲ್ ಎಳೆಯುವ ಕೆಲಸ ಬರಲಿದೆಯಂತೆ. ಅದು ಶುರುವಾದ ಮೇಲೆ ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಜಿಲ್ಲೆಯ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಮಹಾರಾಜರ ಕಾಲದ ಕಟ್ಟಡ, ಎರಡು ಅಡಿ ದಪ್ಪದ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಒಂದು ವೀರಗಲ್ಲಿನ ಮುಂದೆ ನಿಂತ ಮಗು, "ತಾತ, ಇದು ಯಾವ ಊರಿನ ಕಲ್ಲು?" ಎಂದು ಕೇಳಿತು. ಅಡಿಯಲ್ಲಿದ್ದ ಚೀಟಿಯ ಅಕ್ಷರ ಮಾಸಿಹೋಗಿತ್ತು. ಅಲ್ಲಿನ ಗುಮಾಸ್ತರು ಒಳ್ಳೆಯವರು, ನೋಡಿ ಹೇಳುತ್ತೇನೆಂದು ಕಂಪ್ಯೂಟರಿನ ಮುಂದೆ ಕುಳಿತರು. ನೆಟ್‌ವರ್ಕ್ ಇರಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಮಳೆ ಬಂದಾಗ ನೆಲದಲ್ಲಿ ನೀರು ನಿಲ್ಲುತ್ತದೆಂದು ಕಂಪ್ಯೂಟರ್ ಕೇಬಲ್‌ಗಳು ಕೂಡುವ ನೆಟ್‌ವರ್ಕ್ ಸ್ವಿಚ್ಚನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿದ್ದರು. ಅದರಿಂದ ಹೊರಟ ನೀಲಿ ಕೇಬಲ್ ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿಸಿಕೊಂಡು, ಒಡೆದ ಗಾಜಿನ ಸಂದಿಯಿಂದ ಹೊರಗೆ ಹೋಗಿತ್ತು. ತೇಗದ ಬಾಗಿಲಿನ ಚೌಕಟ್ಟಿಗೆ ಸಾಲಾಗಿ ಮೊಳೆ ಹೊಡೆದಿದ್ದರು. ಸಿಸಿ ಕ್ಯಾಮೆರಾಕ್ಕೆಂದು ಕೊರೆದ ತೂತಿನ ಸುತ್ತ ಊಟದ ತಟ್ಟೆಯಷ್ಟು ಅಗಲಕ್ಕೆ ಗಾರೆ ಉದುರಿತ್ತು. ಬೆರಳಿಟ್ಟರೆ ಬಿಳಿಯ ಪುಡಿ ಅಂಗೈಗೆ ಬಂತು.

ಕೊನೆಗೆ ಗುಮಾಸ್ತರು ಬೀರುವಿನಿಂದ ಹಳೆಯ ನೋಂದಣಿ ಪುಸ್ತಕ ತೆಗೆದು, ಅರ್ಧ ಗಂಟೆ ಹುಡುಕಿ ಊರಿನ ಹೆಸರು ಹೇಳಿದರು. ಯಾವ ಕೆರೆಯ ಏರಿಯ ಮೇಲಿತ್ತು, ಯಾವ ವರ್ಷ ತಂದರು, ಕಲ್ಲು ಎಲ್ಲಿ ಮುಕ್ಕಾಗಿದೆ, ಎಲ್ಲವನ್ನೂ ಯಾರೋ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಕ್ಕೆ ಇನ್ನೊಂದು ಪ್ರತಿ ಇಲ್ಲ. ಮುಚ್ಚಿಡುತ್ತಾ ಗುಮಾಸ್ತರು, "ಇನ್ನು ಪ್ರತಿ ಕೋಣೆಗೂ ಹೊಸ ಕೇಬಲ್ ಬರುತ್ತದೆ ಸರ್, ಎಲ್ಲ ಕಂಪ್ಯೂಟರಿಗೆ ಏರುತ್ತದೆ" ಎಂದರು. ಸಂತೋಷವೂ ಆಯಿತು, ಆ ಗೋಡೆಯನ್ನು ನೆನೆದು ಎದೆಯೂ ಧಸಕ್ಕೆಂದಿತು.

ಸ್ವಾಮಿ, ಅದು ಸುಣ್ಣದ ಗಾರೆಯ ಗೋಡೆ. ಸುಣ್ಣ, ಮರಳು ಅರೆದು, ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಮಾಡುತ್ತಿದ್ದ ಗಾರೆ. ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಬಿಟ್ಟುಕೊಡುವುದೇ ಅದರ ಗುಣ. ಅದಕ್ಕೆ ಸುತ್ತಿಗೆ ಹೊಡೆತದ ಡ್ರಿಲ್ ಹಿಡಿದರೆ ಬೇಕಾದ ತೂತಿಗಿಂತ ಹೆಚ್ಚು ಗಾರೆ ಸಡಿಲವಾಗುತ್ತದೆ. ಆಮೇಲೆ ಆ ತೂತಿಗೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ತೇವ ಪಕ್ಕದ ಸುಣ್ಣಕ್ಕೆ ನುಗ್ಗಿ ಅದನ್ನೂ ಉದುರಿಸುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿದರೆ ಕಲ್ಲೇ ಸೀಳುತ್ತದೆ. ವಯಸ್ಸಿನಲ್ಲಿ ನಾನೂ ಈ ತಪ್ಪು ಮಾಡಿದವನೇ. ಸಕಲೇಶಪುರದ ಕಡೆ ಒಂದು ಮನೆಯಲ್ಲಿ ಫೋನ್ ಕೊಡಲು ಗೋಡೆ ಒಡೆದಾಗ, ಆ ಮನೆಯ ಅಜ್ಜಿ ಉದುರಿದ ಗಾರೆಯನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಾ, "ನಮ್ಮ ಮಾವನವರು ನಿಂತು ಕಟ್ಟಿಸಿದ ಗೋಡೆ ಕಣಪ್ಪ" ಎಂದಿದ್ದರು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಹಾಗಾದರೆ ತಂತಿಯೇ ಬೇಡ, ವೈಫೈ ಹಾಕಿದರಾಯಿತು ಎನ್ನುವವರಿದ್ದಾರೆ. ಅಷ್ಟು ದಪ್ಪದ ಗೋಡೆ ಸಂಕೇತವನ್ನು ನುಂಗುತ್ತದೆ. ವೇಗ ಹೆಚ್ಚಿರುವ 5 ಗಿಗಾಹರ್ಟ್ಸ್ ವೈಫೈ ತರಂಗವಂತೂ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ತರಂಗಕ್ಕಿಂತ ದುರ್ಬಲ. ಕೋಣೆಗೊಂದು ವೈಫೈ ಪೆಟ್ಟಿಗೆ ಬೇಕಾಗುತ್ತದೆ, ಆ ಪೆಟ್ಟಿಗೆಗೂ ಕೇಬಲ್ ಹೋಗಲೇಬೇಕು. ಆದರೆ ಡೇಟಾ ಹೋಗುವ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳುಹಿಸುವ ವ್ಯವಸ್ಥೆ ಈಗ ಸಾಮಾನ್ಯವಾಗಿದೆ. ಕ್ಯಾಮೆರಾಕ್ಕೂ ವೈಫೈ ಪೆಟ್ಟಿಗೆಗೂ ಬೇರೆ ಕರೆಂಟ್ ವೈರು ಬೇಡವಾದರೆ ಅರ್ಧದಷ್ಟು ತೂತು ಕೊರೆಯುವುದು ಅಲ್ಲೇ ತಪ್ಪಿತು. ತಾಮ್ರದ ಕೇಬಲ್ 100 ಮೀಟರ್ ದಾಟುವಂತಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಲ್ಲಿ ಫೈಬರ್ ಹಾಕಲಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಹೊಡೆತ ಅದರ ಮೂಲಕ ಯಂತ್ರಗಳಿಗೆ ತಲುಪುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ಸುಟ್ಟ ಫೋನುಗಳನ್ನು ರಾಶಿಗಟ್ಟಲೆ ಬದಲಿಸಿದ ನನಗೆ ಇದರ ಬೆಲೆ ಗೊತ್ತು.

ಕೇಬಲ್ಲಿಗೆ ದಾರಿ ಎಲ್ಲಿ ಎಂದರೆ, ಹಳೆಯ ಕಟ್ಟಡಗಳಲ್ಲಿ ದಾರಿ ಮೊದಲೇ ಇರುತ್ತದೆ. ಹಿಂದಿನ ಫೋನ್ ಪೈಪು, ಕರೆಂಟ್ ವೈರಿನ ಮರದ ಪಟ್ಟಿ, ಹಂಚಿನ ಮಾಡು ಇದ್ದರೆ ಅದರ ಕೆಳಗಿನ ಹಲಗೆ ಅಟ್ಟ. ಇಲಿ ಕಡಿಯದಂತೆ ಗಟ್ಟಿ ಕೊಳವೆಯೊಳಗೆ ಎಳೆದರೆ ಸಂದರ್ಶಕರ ಕಣ್ಣಿಗೂ ಬೀಳುವುದಿಲ್ಲ. ಕೊರೆಯಲೇಬೇಕಾದಲ್ಲಿ ಕಲ್ಲನ್ನೋ ಇಟ್ಟಿಗೆಯನ್ನೋ ಬಿಟ್ಟು ನಡುವಿನ ಗಾರೆಯ ಸಂದಿಯಲ್ಲಿ ಕೊರೆಯಲಿ. ಗಾರೆಯನ್ನು ನಾಳೆ ಮತ್ತೆ ತುಂಬಬಹುದು.

ಇದೆಲ್ಲ ಟೆಂಡರಿನಲ್ಲಿ ಬರೆಯದಿದ್ದರೆ ಯಾರೂ ಮಾಡುವುದಿಲ್ಲ. ಇಷ್ಟು ಮೀಟರ್ ಕೇಬಲ್, ಇಷ್ಟು ಪಾಯಿಂಟ್ ಎಂದು ಅಂದಾಜು ಪಟ್ಟಿ ಮಾಡಿದರೆ ಗುತ್ತಿಗೆದಾರರು ಅತಿ ಹತ್ತಿರದ ದಾರಿ ಹಿಡಿದು ಗೋಡೆ ಸೀಳುತ್ತಾರೆ. ಅವರನ್ನು ದೂರಿ ಫಲವಿಲ್ಲ, ನಾವು ಕೇಳಿದ್ದೇ ಅದು. ಪ್ರತಿ ತೂತಿಗೂ ಪುರಾತತ್ತ್ವ ಇಲಾಖೆಯ ಎಂಜಿನಿಯರರ ಒಪ್ಪಿಗೆ ಇರಲಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಮೊದಲ ದಿನದಿಂದ ಜೊತೆಗಿರಲಿ. ಐದು ವರ್ಷದ ನಿರ್ವಹಣೆಯ ಹಣವನ್ನೂ ಈಗಲೇ ಸೇರಿಸಲಿ.

ಇನ್ನೊಂದು ಭಯವನ್ನೂ ಹೇಳಬೇಕು. ಹೊಸ ಯಂತ್ರಗಳ ಹೊರೆ ಬೀಳುವುದು ಹಳೆಯ ವಿದ್ಯುತ್ ವೈರಿಂಗಿನ ಮೇಲೆ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದುಹೋಯಿತು, ಸುಮಾರು 2 ಕೋಟಿ ವಸ್ತುಗಳ ಸಂಗ್ರಹದಲ್ಲಿ ಬಹುಪಾಲು ಬೂದಿಯಾಯಿತು. ಅಲ್ಲಿ ಬೆಂಕಿ ಹೊತ್ತಿದ್ದು ಒಂದು ಏರ್ ಕಂಡೀಷನರಿನಿಂದ. ಮೊದಲು ಅರ್ತಿಂಗ್ ಮತ್ತು ವೈರಿಂಗ್ ಸರಿಯಾಗಲಿ, ಕಂಪ್ಯೂಟರ್ ಆಮೇಲೆ ಬರಲಿ.

ಕಂಪ್ಯೂಟರ್ ಬಂದ ಮೇಲೆ ಮೊದಲ ಕೆಲಸ ಆ ನೋಂದಣಿ ಪುಸ್ತಕದ್ದೇ ಆಗಬೇಕು. ಸಂಗ್ರಹಾಲಯಗಳಿಗೆಂದೇ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ 'ಜತನ್' ತಂತ್ರಾಂಶ ಇದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಹೀಗೆ ಕಲ್ಲು ಊರು ಬಿಟ್ಟ ಮೇಲೆ ಅದರ ಮೂಲ ಹೇಳುವುದು ದಾಖಲೆಯೇ. ಈ ಜಿಲ್ಲೆಯ ಶಾಸನಗಳನ್ನು ಶಾಸನ ವಿದ್ವಾಂಸ ಬಿ. ಎಲ್. ರೈಸ್ 1902ರಲ್ಲೇ ಅಚ್ಚು ಹಾಕಿಸಿದರು. ಈಗಿನ ಕಾಲದಲ್ಲಿ ಒಂದು ವೀರಗಲ್ಲಿನ ಊರು ತಿಳಿಯಲು ಬೀರುವಿನ ಬೀಗ ತೆರೆಯುವವರೆಗೆ ಕಾಯಬೇಕೆ? ಆದರೆ ಸಂದರ್ಶಕರ ವೈಫೈ, ಕ್ಯಾಮೆರಾ, ದಾಖಲೆಯ ಕಂಪ್ಯೂಟರ್ ಮೂರೂ ಬೇರೆ ಬೇರೆ ಜಾಲದಲ್ಲಿರಲಿ, ದಾಖಲೆಯ ಒಂದು ಪ್ರತಿ ಯಾವ ಜಾಲಕ್ಕೂ ಸಿಗದಂತೆ ಹೊರಗಿರಲಿ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾದಾಗ ಅಂಥ ಸಂಸ್ಥೆಯ ಕ್ಯಾಟಲಾಗೇ ಓದುಗರಿಗೆ ಮತ್ತೆ ಸಿಕ್ಕಿದ್ದು ಮುಂದಿನ ಜನವರಿಯಲ್ಲಿ.

ಆ ಸಂಗ್ರಹಾಲಯದ ಹೆಸರನ್ನು ಇಲ್ಲಿ ಬರೆದಿಲ್ಲ. ಸಿಬ್ಬಂದಿಯ ತಪ್ಪಿಲ್ಲ, ಇದ್ದುದರಲ್ಲೇ ಅವರು ನಡೆಸಿಕೊಂಡು ಹೋಗುತ್ತಿದ್ದಾರೆ. ಹೆಸರು, ಕೋಣೆಗಳ ಅಳತೆ, ಹಳೆಯ ಪೈಪುಗಳ ದಾರಿ ಗುರುತು ಮಾಡಿದ ನಕ್ಷೆ, ಇವನ್ನು ತಮ್ಮ ಕಚೇರಿಗೆ ಪ್ರತ್ಯೇಕ ಮನವಿಯಲ್ಲಿ ಕಳುಹಿಸಿದ್ದೇನೆ. ಟೆಂಡರ್ ಕರೆಯುವ ಮೊದಲು ತಾವು ಒಮ್ಮೆ ಅಲ್ಲಿಗೆ ಬಂದು ಗೋಡೆಯ ಮೇಲೆ ಕೈಯಿಟ್ಟು ನೋಡಬೇಕು. ಎಂಜಿನಿಯರರ ಜೊತೆ ಏಣಿ ಹತ್ತಿ ಹಳೆಯ ದಾರಿಗಳನ್ನು ತೋರಿಸಲು ನಾನು ಯಾವ ದಿನವಾದರೂ ಬರುತ್ತೇನೆ, ಅದಕ್ಕೆ ಒಂದು ಪೈಸೆಯೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೂರವಾಣಿ ನೌಕರ, ಹಾಸನ