‘ಉದ್ಭವಿಸುವುದಿಲ್ಲ’ ಅನ್ನುವ ಉತ್ತರ ಬಾರದ ಹಾಗೆ ಕೇಳಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಚಿತ್ರದುರ್ಗದಲ್ಲಿ ಅರ್ಜಿ ಟೈಪ್ ಮಾಡುವವನು. ಸರ್ಕಾರಿ ಕಚೇರಿಯೊಂದರ ಕಾಂಪೌಂಡಿಗೆ ಅಂಟಿಕೊಂಡ ಸಣ್ಣ ಅಂಗಡಿ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷಿನ್ನು, ಎರಡು ಪ್ಲಾಸ್ಟಿಕ್ ಕುರ್ಚಿ. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಬಂತು. ಖಾತೆ, ಪಹಣಿ, ಪಿಂಚಣಿ, ರಸ್ತೆ, ಬಸ್ಸು, ಜನ ಏನೇ ಹೇಳಿದರೂ ನಾನು ‘ಗೆ, ಇಂದ, ವಿಷಯ’ ಹಾಕಿ ಕಾಗದ ಮಾಡಿ ಕೊಡುತ್ತೇನೆ. ಇವತ್ತು ಮಾತ್ರ ನನ್ನದೇ ಕಾಗದ.

ಸ್ವಲ್ಪ ದಿನದ ಹಿಂದೆ ಒಂದು ಸಭೆಯಲ್ಲಿ ಯಾರೋ ಎದ್ದು ತುಮಕೂರು–ದಾವಣಗೆರೆ ನೇರ ರೈಲಿನ ಕಥೆ ಏನಾಯ್ತು ಅಂತ ನಿಮ್ಮನ್ನು ಕೇಳಿದರು. “ರೈಲು ಕೇಂದ್ರದ್ದು, ಎಂಪಿ ಅವರನ್ನು ಕೇಳ್ರಪ್ಪ” ಅಂದಿರಿ. ನಕ್ಕರು, ಚಪ್ಪಾಳೆಯೂ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಸಿವಿಸಿ ಆಯಿತು. ಯಾಕೆಂದರೆ ಆ ಮಾತು ಅರ್ಧ ಮಾತ್ರ ನಿಜ.

ತುಮಕೂರು–ದಾವಣಗೆರೆ ಮಾರ್ಗ ಮಂಜೂರಾಗಿದ್ದು 2011–12ರ ರೈಲ್ವೆ ಬಜೆಟ್ಟಿನಲ್ಲಿ. ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ ಹಾಯ್ದು ಸುಮಾರು 191 ಕಿಲೋಮೀಟರ್. ರೈಲು ಕೇಂದ್ರದ್ದೇ, ಒಪ್ಪಿದೆ. ಆದರೆ ಖರ್ಚಿನ ಅರ್ಧ ರಾಜ್ಯದ್ದು. ಜಮೀನನ್ನು ಪುಕ್ಕಟೆ ಕೊಡಬೇಕಾದದ್ದೂ ರಾಜ್ಯವೇ. ಅರ್ಧ ದುಡ್ಡು ನಿಮ್ಮ ಬಜೆಟ್ಟಿನದು, ಜಮೀನು ನಿಮ್ಮ ಜನರದು. ಅಂದಮೇಲೆ ಅರ್ಧ ಪ್ರಶ್ನೆಯೂ ನಿಮ್ಮ ಸದನದ್ದೇ ಅಲ್ವಾ ಸಾರ್? ಆ ಬಜೆಟ್ಟಿನ ವರ್ಷ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು ಓದುವ ವಯಸ್ಸಿಗೆ ಬಂದಿದ್ದಾರೆ.

ಈ ಮಾರ್ಗ ಯಾಕೆ ಬೇಕು ಅಂತ ದೊಡ್ಡ ಭಾಷಣ ಬೇಡ, ಕೂಡುವ ಲೆಕ್ಕ ಸಾಕು. ದಾವಣಗೆರೆಯಿಂದ ಬೆಂಗಳೂರಿಗೆ ಈಗ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ತುಮಕೂರು ಸುತ್ತಿಕೊಂಡು ಸುಮಾರು 325 ಕಿಲೋಮೀಟರ್ ಓಡುತ್ತದೆ. ಹೊಸ ಹಳಿಯ 191ಕ್ಕೆ ತುಮಕೂರಿನಿಂದ ಬೆಂಗಳೂರಿನ 70 ಸೇರಿಸಿ. 261. ಅರವತ್ತು ಕಿಲೋಮೀಟರಿಗೂ ಜಾಸ್ತಿ ಉಳಿಯುತ್ತದೆ. ದುರ್ಗದವರ ಪಾಡು ಇನ್ನೂ ತಮಾಷೆ. ನಾವಿರುವುದು ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿ. ಬೆಂಗಳೂರಿಗೆ ಹೋಗಬೇಕಾದರೆ ರೈಲು ಮೊದಲು ಪಶ್ಚಿಮಕ್ಕೆ, ಚಿಕ್ಕಜಾಜೂರಿಗೆ ಹೋಗಬೇಕು. ಊರು ಒಂದು ದಿಕ್ಕಿಗೆ, ರೈಲು ಇನ್ನೊಂದು ದಿಕ್ಕಿಗೆ. ಅದಕ್ಕೇ ಜನ ಸುಮ್ನೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

ಸದನದಲ್ಲಿ ಮಾತಾಡಿ ಅಂತ ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಹೇಗೆ ಕೇಳಬೇಕು ಅನ್ನುವುದರ ಬಗ್ಗೆ ನನಗೆ ಒಂದೆರಡು ಮಾತು ಹೇಳಬೇಕಿದೆ. ಹೊಟ್ಟೆಪಾಡಿಗೆ ಕಲಿತ ವಿದ್ಯೆ ಇದು, ತಪ್ಪು ತಿಳಿಯಬೇಡಿ.

ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಿಂದ ಒಬ್ಬರು ಬಂದಿದ್ದರು. ಮಗಳು ಪಿಯುಸಿ. ಬೆಳಗ್ಗೆ ಬರುತ್ತಿದ್ದ ಬಸ್ಸು ನಿಂತುಹೋಗಿದೆ. ‘ನಮ್ಮ ಗ್ರಾಮಕ್ಕೆ ಸಮರ್ಪಕ ಬಸ್ ಸೌಕರ್ಯ ಕಲ್ಪಿಸಬೇಕೆಂದು ಕೋರಿ’ ಅಂತ ಟೈಪ್ ಮಾಡಿಕೊಟ್ಟೆ. ಊರಿನ ನಲವತ್ತು ಜನರ ಸಹಿ, ಹೆಬ್ಬೆಟ್ಟು. ಒಂದೂವರೆ ತಿಂಗಳಾದ ಮೇಲೆ ಹಿಂಬರಹ ಬಂತು. ಒಂದೇ ಸಾಲು: ‘ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು.’ ಆ ಮನುಷ್ಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, “ಅಣ್ಣಾ, ಇದು ಆಗುತ್ತೆ ಅಂತಾನೋ ಆಗಲ್ಲ ಅಂತಾನೋ?” ಅಂತ ಕೇಳಿದರು. ಏನು ಹೇಳಲಿ?

ಎರಡನೇ ಸಲ ಮನವಿ ಬಿಟ್ಟು ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಆರ್‌ಟಿಐ ಹಾಕಿಸಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಬರೆದದ್ದು ಮೂರೇ ಸಾಲು. ಆ ಟ್ರಿಪ್ಪು ಯಾವ ತಾರೀಖಿನಿಂದ ನಿಂತಿದೆ? ನಿಲ್ಲಿಸಲು ಕಡತದಲ್ಲಿ ಬರೆದಿರುವ ಕಾರಣ ಏನು? ಆ ಬಸ್ಸು ಈಗ ಯಾವ ಮಾರ್ಗದಲ್ಲಿ ಓಡುತ್ತಿದೆ? ಈ ಸಲ ಉತ್ತರದಲ್ಲಿ ತಾರೀಖು ಇತ್ತು, ಸಿಬ್ಬಂದಿ ಕೊರತೆ ಅನ್ನುವ ಕಾರಣ ಇತ್ತು, ಬಸ್ಸು ಹೋದ ಊರಿನ ಹೆಸರೂ ಇತ್ತು. ಬಸ್ಸು ವಾಪಸ್ ಬಂತು ಅಂತ ಬರೆದರೆ ಸಿನಿಮಾ ಕಥೆಯಾಗುತ್ತದೆ. ಬರಲಿಲ್ಲ. ಆ ಕಾಗದ ಹಿಡಿದು ನಾಲ್ಕು ಸಲ ಓಡಾಡಿದ ಮೇಲೆ ಹತ್ತು ಗಂಟೆಯ ಬಸ್ಸನ್ನು ಒಂಬತ್ತಕ್ಕೆ ಎಳೆದರು. ಹುಡುಗಿಗೆ ಮೊದಲ ಪೀರಿಯಡ್ ಈಗಲೂ ತಪ್ಪುತ್ತದೆ, ಎರಡನೆಯದು ಸಿಗುತ್ತದೆ.

ಆವತ್ತಿನಿಂದ ನನಗೊಂದು ಚಟ ಹತ್ತಿತು. ವಿಧಾನಸಭೆಯ ಪ್ರಶ್ನೋತ್ತರಗಳನ್ನು ಓದುವುದು. ನಿಮಗೆ ಗೊತ್ತೇ ಇದೆ, ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, (ಅ), (ಆ), (ಇ) ಅಂತ ಕಲಮುಗಳು. ಸಾರಿಗೆ, ಲೋಕೋಪಯೋಗಿ ಪ್ರಶ್ನೆಗಳನ್ನು ಹುಡುಕಿ ಓದುತ್ತೇನೆ. ಎಷ್ಟೋ ಪ್ರಶ್ನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. (ಅ) ಇಂಥ ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: ‘ಬಂದಿದೆ.’ (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.’ (ಇ) ಇಲ್ಲದಿದ್ದಲ್ಲಿ, ಕಾರಣವೇನು? ‘ಉದ್ಭವಿಸುವುದಿಲ್ಲ.’ ಅಂದರೆ ಆ ಪ್ರಶ್ನೆಯೇ ಏಳುವುದಿಲ್ಲ ಅಂತ.

ಮುಗಿಯಿತು. ಒಬ್ಬ ಶಾಸಕರು ಹದಿನೈದು ದಿನ ಮುಂಚೆ ಪ್ರಶ್ನೆ ಕೊಟ್ಟು, ಇಲಾಖೆಯ ಹತ್ತು ಮೇಜು ದಾಟಿ, ಮಂತ್ರಿಗಳ ಸಹಿಯಾಗಿ ಬಂದದ್ದು ಇಷ್ಟು. ತಪ್ಪು ಬಲಗಡೆಯದು ಮಾತ್ರ ಅಂತ ನಾನು ಮೊದಲು ಅಂದುಕೊಂಡಿದ್ದೆ. ಈಗ ಎಡಗಡೆಯ ಮೇಲೇ ಸಿಟ್ಟು ಜಾಸ್ತಿ. ‘ಗಮನಕ್ಕೆ ಬಂದಿದೆಯೇ’ ಅಂತ ಕೇಳಿದರೆ ‘ಬಂದಿದೆ’ ಅಂತಲೇ ಹೇಳುತ್ತಾರೆ, ಅದರಲ್ಲಿ ಅವರ ಗಂಟೇನು ಹೋಗುತ್ತದೆ? ನನ್ನ ಮೊದಲ ಅರ್ಜಿಯೂ ಇದೇ ಜಾತಿಯದು.

ಲೋಕಸಭೆಯ ನಿಯಮದಲ್ಲೂ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು ಅಂತ ಇದೆ. ನಮ್ಮ ಆರ್‌ಟಿಐ ಲೆಕ್ಕವೇ. ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಯಾರ ಮೇಲೂ ಕೆಸರು ಎರಚಬಾರದು. ಅಭಿಪ್ರಾಯ ಕೇಳುವ ಹಾಗೂ ಇಲ್ಲ. ಇದನ್ನು ಓದಿ ನಗು ಬಂತು. ಬೈಗುಳ ಸೇರಿಸಿ ಬರೆಯಪ್ಪ ಅಂತ ಬರುವ ಗಿರಾಕಿಗಳಿಗೆ ನಾನು ದಿನಾ ಹೇಳುವುದೂ ಇಷ್ಟೇ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ನಿಮ್ಮಲ್ಲೂ ಈ ಎರಡು ಬಗೆ ಇವೆ. ನನ್ನ ತಿಳಿವಳಿಕೆಗೆ ಬಂದದ್ದು ಹೀಗೆ: ಅಂಕಿಅಂಶ ಬೇಕಾದರೆ ಚುಕ್ಕೆ ಇಲ್ಲದ್ದು ಹಾಕಬೇಕು. ಅಂಕಿ ಕೈಗೆ ಬಂದ ಮೇಲೆ, ಅದನ್ನು ಹಿಡಿದುಕೊಂಡು ಮುಂದಿನ ಸಲ ಚುಕ್ಕೆ ಇರುವುದನ್ನು ಹಾಕಬೇಕು. ಬರೆದುಕೊಟ್ಟ ಉತ್ತರ ಯಾರಾದರೂ ಓದಬಹುದು. ಉಪಪ್ರಶ್ನೆ ಬಂದಾಗಲೇ ಮಂತ್ರಿಗಳ ಕೈಯಲ್ಲಿರುವ ಹಾಳೆ ಖಾಲಿಯಾಗುವುದು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವುದು ಆವಾಗಲೇ.

ಈ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. ಬ್ರಿಟಿಷರ ಕಾಲದ ಶಾಸನ ಸಭೆಯಲ್ಲಿ ಪ್ರಶ್ನೆ ಕೇಳಲು ಅವಕಾಶ ಕೊಟ್ಟದ್ದು 1892ರ ಕಾಯಿದೆ. ಉಪಪ್ರಶ್ನೆಗೆ 1909ರವರೆಗೆ ಕಾಯಬೇಕಾಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ಜಿಲ್ಲೆ ಜಿಲ್ಲೆಗಳಿಂದ ಪ್ರತಿನಿಧಿಗಳು ಹೋಗಿ ಊರಿನ ಕಷ್ಟ ಅರಿಕೆ ಮಾಡಿಕೊಳ್ಳುತ್ತಿದ್ದರು. ಅರಿಕೆ ಅಷ್ಟೆ, ಕೊಡಿ ಅನ್ನುವ ಅಧಿಕಾರ ಇರಲಿಲ್ಲ. ನಿಮಗೆ ಆ ಅಧಿಕಾರ ಇದೆ. ಹಾಗಿದ್ದೂ ಪ್ರಶ್ನೋತ್ತರದ ಹೊತ್ತು ಗದ್ದಲದಲ್ಲಿ ಕೊಚ್ಚಿಹೋದರೆ ನಷ್ಟ ಯಾರಿಗೆ? ಲಿಖಿತ ಉತ್ತರಗಳು ಹೇಗೂ ಮೇಜಿನ ಮೇಲೆ ಬಂದು ಬೀಳುತ್ತವೆ. ಸಾಯುವುದು ಉಪಪ್ರಶ್ನೆ.

ಇನ್ನೊಂದು ವಿಷಯ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ‘ಪರಿಶೀಲಿಸಲಾಗುವುದು’ ಅಂದರೆ ಮನೆಗೆ ಹೋಗು ಅಂತ ಅರ್ಥ. ಲೋಕಸಭೆಯಲ್ಲಿ ಹಾಗಲ್ಲವಂತೆ. ‘ಪರಿಶೀಲನೆಯಲ್ಲಿದೆ’ ಅಂತ ಮಂತ್ರಿ ಹೇಳಿದರೆ ಅದು ಭರವಸೆ ಅಂತ ಲೆಕ್ಕಕ್ಕೆ ಬರುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಇನ್ನಷ್ಟು ಸಮಯ ಕೊಡಿ ಅಂತ ಕೇಳಬೇಕು. ಅದಕ್ಕೆಂದೇ 1953ರಿಂದ ಒಂದು ಸಮಿತಿ ಇದೆ. ನಮ್ಮ ವಿಧಾನಸಭೆಗೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅಂದರೆ ಅದೇ ಮಾತು, ಕಚೇರಿಯ ಕಿಟಕಿಯಲ್ಲಿ ಗಾಳಿಗೆ ಹೋಗುತ್ತದೆ, ಸದನದಲ್ಲಿ ಸಾಲದ ಪತ್ರ ಆಗುತ್ತದೆ! ಪತ್ರ ಇದ್ದು ಸಾಲಗಾರನ ಮನೆಗೆ ಹೋಗದಿದ್ದರೆ ಯಾರ ತಪ್ಪು? ನಮ್ಮ ಜಿಲ್ಲೆಯ ರಸ್ತೆ, ರೈಲು, ಬಸ್ಸಿನ ಬಗ್ಗೆ ಸದನದಲ್ಲಿ ಎಷ್ಟು ಭರವಸೆ ಬಾಕಿ ಇವೆ ಅಂತ ಒಂದು ಪಟ್ಟಿ ತರಿಸಿ ಕೊಡುತ್ತೀರಾ? ನಿಮಗೆ ಒಂದು ಕಾಗದದ ಕೆಲಸ.

ಬಸ್ಸಿನ ವಿಷಯಕ್ಕೂ ಬರುತ್ತೇನೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಒಳ್ಳೆಯದೇ ಆಯಿತು, ನನ್ನ ಅಂಗಡಿಗೆ ಒಬ್ಬರೇ ಬರುವ ಹೆಂಗಸರು ಜಾಸ್ತಿಯಾಗಿದ್ದಾರೆ. ಮೊದಲು ಗಂಡನೋ ಮಗನೋ ಬರುತ್ತಿದ್ದ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಪ್ರೈವೇಟ್ ಬಸ್ಸೇ ಗತಿ. ಅಲ್ಲಿಯ ಹೆಂಗಸರು ಟಿಕೆಟ್ ಕೊಂಡೇ ಬರಬೇಕು. ಒಂದೇ ತಾಲ್ಲೂಕು, ಒಂದೇ ಸಂತೆ, ಒಬ್ಬಳಿಗೆ ಆಧಾರ್ ತೋರಿಸಿದರೆ ಸಾಕು, ಇನ್ನೊಬ್ಬಳು ಸೆರಗಿನ ಗಂಟು ಬಿಚ್ಚಬೇಕು. ಇದನ್ನು ‘ಗಮನಕ್ಕೆ ಬಂದಿದೆಯೇ’ ಅಂತ ಕೇಳಬೇಡಿ. ಆರೂ ತಾಲ್ಲೂಕುಗಳಲ್ಲಿ ಸರ್ಕಾರಿ ಬಸ್ಸು ಒಂದೂ ಹೋಗದ ಗ್ರಾಮಗಳ ಹೆಸರು ಕೇಳಿ. ಸಂಖ್ಯೆ ಬೇಡ, ಹೆಸರು. ಸಂಖ್ಯೆ ಕೊಟ್ಟರೆ ಅದು ಸರಿಯೋ ತಪ್ಪೋ ನಮಗೆ ಗೊತ್ತಾಗಲ್ಲ. ಹೆಸರಿನ ಪಟ್ಟಿ ಕೊಟ್ಟರೆ ತನ್ನ ಊರು ಬಿಟ್ಟುಹೋಗಿದೆ ಅಂತ ಮೊಳಕಾಲ್ಮುರಿನ ಮೂಲೆಯ ಅಜ್ಜಿಯೂ ಹೇಳಬಲ್ಲಳು.

ರೈಲಿಗೂ ಹೀಗೇ. ನಮ್ಮ ಜಿಲ್ಲೆಯಲ್ಲಿ ಈ ಮಾರ್ಗಕ್ಕೆ ಬೇಕಾದ ಜಮೀನು ಒಟ್ಟು ಎಷ್ಟು ಎಕರೆ, ಇವತ್ತಿನವರೆಗೆ ರೈಲ್ವೆಗೆ ಹಸ್ತಾಂತರ ಆಗಿರುವುದು ಎಷ್ಟು, ಗ್ರಾಮವಾರು ಕೊಡಿ. ಪರಿಹಾರ ಬಾಕಿ ಇರುವ ರೈತರೆಷ್ಟು, ಮೊತ್ತ ಎಷ್ಟು. ರಾಜ್ಯದ ಪಾಲಿನ ದುಡ್ಡು ವರ್ಷವಾರು ಎಷ್ಟು ಬಿಡುಗಡೆ, ಎಷ್ಟು ಖರ್ಚು. ಇಷ್ಟೇ. ಇದಕ್ಕೆ ‘ಬಂದಿದೆ’ ಅಂತಲೂ ಹೇಳಲಾಗದು, ‘ಉದ್ಭವಿಸುವುದಿಲ್ಲ’ ಅಂತಲೂ ಹೇಳಲಾಗದು. ಆಡಳಿತ ಪಕ್ಷದವರು ಇಂಥದ್ದು ಕೇಳಬಾರದು ಅಂತ ನಿಯಮವೇನೂ ಇಲ್ಲ, ನಾನು ನೋಡಿದೆ.

ದಾವಣಗೆರೆ ಕಡೆಯ ಶಾಸಕರನ್ನೂ ಸೇರಿಸಿಕೊಳ್ಳಿ. 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದವರು ನಾವು, ಹಳಿ ಎರಡೂ ಕಡೆ ಹಾಯಬೇಕು. ಹಾಗೇ ನೀವು ಕೇಳಿದ ಅಧಿವೇಶನದ ಹೊತ್ತಿಗೇ, ಎಷ್ಟು ಎಕರೆ ನಿಮ್ಮ ಕೈಗೆ ಬಂದಿದೆ ಅಂತ ರೈಲ್ವೆಯವರನ್ನು ಸಂಸದರು ಲೋಕಸಭೆಯಲ್ಲಿ ಕೇಳಲಿ. ಪಕ್ಷ ಬೇರೆ ಇದ್ದರೆ ಇರಲಿ, ಫೋನು ಮಾಡಲು ಪಕ್ಷ ಅಡ್ಡ ಬರಲ್ಲ. ಕೊಟ್ಟೆ ಅಂತ ಒಬ್ಬರು ಹೇಳುವ ಎಕರೆಗೂ ಬಂತು ಅಂತ ಇನ್ನೊಬ್ಬರು ಹೇಳುವ ಎಕರೆಗೂ ವ್ಯತ್ಯಾಸ ಇದ್ದರೆ, ಇಷ್ಟು ವರ್ಷ ಎಲ್ಲಿ ಹೋಯಿತು ಅಂತ ಹುಡುಕಲು ಅಲ್ಲಿಂದಲೇ ಶುರು ಮಾಡಬಹುದು.

ಹೆದ್ದಾರಿ 48ರ ಸರ್ವಿಸ್ ರಸ್ತೆ, ಮಳೆ ಬಂದರೆ ಕೆರೆಯಾಗುವ ಅಂಡರ್‌ಪಾಸು, ಇವೆಲ್ಲ ಇನ್ನೊಂದು ಕಾಗದದ ವಿಷಯ. ಈಗಲೇ ಉದ್ದವಾಯಿತು.

ಮೇಲಿನ ಎರಡು ಪ್ರಶ್ನೆಗಳನ್ನು (ಅ), (ಆ), (ಇ) ಹಾಕಿ, 150 ಪದದೊಳಗೆ ಟೈಪ್ ಮಾಡಿ ಇಟ್ಟಿದ್ದೇನೆ. ನಿಮ್ಮ ಆಪ್ತ ಸಹಾಯಕರನ್ನು ಕಳಿಸಿದರೆ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ದುಡ್ಡು ಬೇಡ. ಉತ್ತರ ಬಂದ ಮೇಲೆ ಒಂದು ಪ್ರತಿ ನನಗೆ ಬೇಕು. ರಾಜ್ಯದ್ದು ಎಡಕ್ಕೆ, ರೈಲ್ವೆಯದ್ದು ಬಲಕ್ಕೆ ಹಾಕಿ, ಒಂದೇ ಹಾಳೆಗೆ ಜೆರಾಕ್ಸ್ ತೆಗೆದು ಅಂಗಡಿಯ ಷಟರಿಗೆ ಅಂಟಿಸುತ್ತೇನೆ. ಅರ್ಜಿ ಬರೆಸಲು ಬಂದವರು ಕಾಯುವ ಹೊತ್ತಿನಲ್ಲಿ ಓದಿಕೊಳ್ಳಲಿ.

ಭಾನುವಾರ ಅಂಗಡಿ ಇರುವುದಿಲ್ಲ. ಉಳಿದ ದಿನ ಹತ್ತರಿಂದ ಆರು.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ಅರ್ಜಿ ಟೈಪಿಸ್ಟ್