ಗ್ಯಾಸ್ ಪ್ಲಾಂಟ್ ಕಟ್ಟಿ, ಇಲ್ಲಾಂದ್ರೆ ನಮ್ಮ ಹೊಲ ಬಿಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಪತ್ರದಲ್ಲಿ ಊರಿನ ಹೆಸರನ್ನಾಗಲಿ, ಕಚೇರಿಯ ಹೆಸರನ್ನಾಗಲಿ ಬರೆದಿಲ್ಲ. ಬರೆದರೆ ನಾಳೆಯೇ ಯಾರಾದರೂ ಟೇಪ್ ಹಿಡಿದು ನಮ್ಮ ಕೊಟ್ಟಿಗೆ ಅಳೆಯೋಕೆ ಬರುತ್ತಾರೆ ಅನ್ನೋ ಭಯ. ಉತ್ಪ್ರೇಕ್ಷೆ ಅಲ್ಲ, ಮುಂದೆ ಓದಿದರೆ ಗೊತ್ತಾಗುತ್ತದೆ. ‘ಗ್ಯಾಸ್ ಪ್ಲಾಂಟ್ ಜಮೀನು’ ಅಂದರೆ ಸಾಕು, ಬರೆದಿದ್ದು ಯಾರು ಅಂತ ನಿಮಗೆ ಹೊಳೆಯುತ್ತದೆ. ಇದೇ ವಿಷಯಕ್ಕೆ ನಿಮ್ಮ ಆಪ್ತ ಸಹಾಯಕರ ಕೈಗೆ ಏಳು ಅರ್ಜಿ ಕೊಟ್ಟಿದ್ದೇನೆ. ಏಳಕ್ಕೂ ಸೀಲ್ ಬಿದ್ದಿದೆ. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಎಂಟನೆಯದನ್ನು ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ.

ಕೇಳೋದು ಒಂದೇ. ಗ್ಯಾಸ್ ಉರಿಸಿ ಕರೆಂಟ್ ತೆಗೆಯೋ ಆ ಪ್ಲಾಂಟ್ ಕಟ್ಟೋದಾದರೆ ಕಟ್ಟಿ, ಪರಿಹಾರ ಕೊಟ್ಟು ಜಮೀನು ತಗೊಳ್ಳಿ. ಕಟ್ಟೋದಿಲ್ಲ ಅಂದರೆ ನಮ್ಮ ಪಹಣಿಯ ಹನ್ನೊಂದನೇ ಕಾಲಂನಲ್ಲಿ ಕೂತಿರೋ, ಜಮೀನು ಸ್ವಾಧೀನಕ್ಕೆ ಅಂತ ಹೇಳೋ ಆ ಒಂದು ಸಾಲನ್ನು ತೆಗೆಸಿಕೊಡಿ.

ಕಾಯ್ದೆಯ 28(1), ಅಂದರೆ ಸ್ವಾಧೀನದ ಮೊದಲ ಅಧಿಸೂಚನೆ, ಆಗಿದೆ; 28(4), ಅಂದರೆ ಅಂತಿಮ ಘೋಷಣೆ, ಆಗಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಅರ್ಥವಾಗೋಕೆ ಮಾತ್ರ ನಾಲ್ಕು ವರ್ಷ ಹಿಡಿಯಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಾದರೆ ಮೊದಲ ಅಧಿಸೂಚನೆಯಾಗಿ 12 ತಿಂಗಳೊಳಗೆ ಅಂತಿಮ ಘೋಷಣೆ ಆಗದಿದ್ದರೆ ಅದು ತಾನಾಗೇ ಬಿದ್ದುಹೋಗುತ್ತದೆ. ನಮ್ಮ ಮೇಲೆ ಹೇರಿರೋದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಅದರಲ್ಲಿ ಹಾಗೊಂದು ಗಡುವೇ ಇಲ್ಲ. ಗಡುವು ಇಲ್ಲದ ಕೆಲಸವನ್ನು ಸರ್ಕಾರ ಎಷ್ಟು ಬೇಗ ಮುಗಿಸುತ್ತದೆ ಅಂತಲೂ ನಿಮಗೆ ಗೊತ್ತು.

2012ರಲ್ಲಿ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಸಭೆ ಮಾಡಿದಿರಿ. ಕೇಸರಿಬಾತ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಇಂಜಿನಿಯರ್ ಒಬ್ಬರು ತಾಳ್ಮೆಯಿಂದ ವಿವರಿಸಿದರು. ಗ್ಯಾಸ್ ಉರಿಸಿ ಒಂದು ಟರ್ಬೈನ್ ತಿರುಗಿಸುತ್ತಾರೆ. ಅದರಿಂದ ಹೊರಬೀಳೋ ಬಿಸಿಯಲ್ಲೇ ನೀರು ಕಾಯಿಸಿ, ಆ ಆವಿಯಿಂದ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಕಲ್ಲಿದ್ದಲಿನ ಹಾಗೆ ಬೂದಿ ಬರೋದಿಲ್ಲ, ಜಾಗವೂ ಜಾಸ್ತಿ ಬೇಡ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರ್ ಪೈಪ್‌ಲೈನ್ ಬರ್ತಾ ಇದೆ, ಗ್ಯಾಸ್‌ಗೆ ಕೊರತೆ ಇಲ್ಲ ಅಂದರು. ಆಮೇಲೆ ನೀವು ಮೈಕ್ ತಗೊಂಡು, ಪ್ಲಾಂಟ್ ಬಂದರೆ ಪಂಪ್‌ಸೆಟ್‌ಗೆ ಹಗಲು ಹೊತ್ತಲ್ಲೇ ತ್ರೀ ಫೇಸ್ ಅಂದಿರಿ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ನಮ್ಮಪ್ಪ.

ಪೈಪ್‌ಲೈನ್ 2013ರಲ್ಲಿ ಬಂತು. ಪ್ಲಾಂಟ್ ಬರಲಿಲ್ಲ. ತ್ರೀ ಫೇಸ್ ಈಗಲೂ ರಾತ್ರಿಯೇ ಬರೋದು. ನಮ್ಮಪ್ಪ ಈಗ ಇಲ್ಲ.

ಬಂದಿದ್ದು ಅಂದರೆ ಸರ್ವೆ ಕಲ್ಲು. ರಾಗಿ ಹೊಲದ ನಡುವೆ ಒಂದು ನೆಟ್ಟು, ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಬಣ್ಣ ಯಾವತ್ತೋ ಅಳಿಸಿತು. ಅಮ್ಮ ಅದರ ಮೇಲೆ ಕುಡುಗೋಲು ಮಸೆಯುತ್ತಾಳೆ. ಮಸೆದು ಮಸೆದು ಕಲ್ಲಿನ ಒಂದು ಮೂಲೆ ಸವೆದು ಹಳ್ಳ ಬಿದ್ದಿದೆ. ಇಷ್ಟು ವರ್ಷದಲ್ಲಿ ಈ ಯೋಜನೆಯಲ್ಲಿ ಆಗಿರೋ ಪ್ರಗತಿ ಅಷ್ಟೇ.

2016ರ ಬರದಲ್ಲಿ ಬೋರ್‌ವೆಲ್ ಬತ್ತಿತು. ಹೊಸದು ಕೊರೆಸೋಕೆ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರೇ, ಟೀ ಕೂಡ ತರಿಸಿದರು. ಪಹಣಿ ತಿರುವಿ, ಹನ್ನೊಂದನೇ ಕಾಲಂ ಮೇಲೆ ಬೆರಳಿಟ್ಟು, ಏನೂ ಮಾತಾಡದೆ ಕಾಗದವನ್ನು ನನ್ನ ಕಡೆಗೇ ತಳ್ಳಿದರು. ಕೈಸಾಲ ಮಾಡಿದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಂಗಿ ಮದುವೆಗೆ ಅರ್ಧ ಎಕರೆ ಮಾರೋಣ ಅಂದರೆ ನೋಡೋಕೆ ಬಂದವರೆಲ್ಲ ಅದೇ ಕಾಲಂ ನೋಡಿ ಎದ್ದು ಹೋದರು. ಜಮೀನು ನಮ್ಮದೇ, ಕಂದಾಯ ಕಟ್ಟೋದೂ ನಾವೇ. ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ: ಕಟ್ಟಿ, ಇಲ್ಲಾಂದ್ರೆ ಬಿಡಿ.

ಇನ್ನು ಕೊಟ್ಟಿಗೆ ವಿಷಯ. ಇದನ್ನು ಹೇಳದಿದ್ದರೆ ಇವತ್ತು ರಾತ್ರಿ ನನಗೆ ನಿದ್ದೆ ಬರೋದಿಲ್ಲ.

ಹೋದ ವರ್ಷ ಮುಂಗಾರಿನ ಗಾಳಿಗೆ ಕೊಟ್ಟಿಗೆಯ ಶೀಟ್ ಹಾರಿಹೋಯಿತು. ನಾಲ್ಕು ಹೊಸ ಜಿಂಕ್ ಶೀಟ್ ತಂದು ಹೊದಿಸಿದೆ. ಎರಡು ಹಸು, ಒಂದು ಕರು, ಅಷ್ಟೇ ನಮ್ಮ ಆಸ್ತಿ. ವಾರ ಕಳೆಯೋದರಲ್ಲಿ ಇಬ್ಬರು ಬೈಕಲ್ಲಿ ಬಂದು ಟೇಪ್ ಹಿಡಿದು ಅಳೆದರು, ಮೊಬೈಲಲ್ಲಿ ಫೋಟೊ ಹೊಡೆದುಕೊಂಡರು. ಕರು ಒಬ್ಬರ ಅಂಗಿಯ ತುದಿ ಅಗಿಯುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ಹದಿನೈದು ದಿನಕ್ಕೆ ನೋಟಿಸ್ ಬಂತು. ‘ಉದ್ದೇಶಿತ ಸ್ಥಾವರದ ಪ್ರದೇಶದಲ್ಲಿ ಅನುಮತಿ ಇಲ್ಲದೆ ಶಾಶ್ವತ ಕಟ್ಟಡ.’

ಕಚೇರಿಗೆ ಹೋದೆ. ಅಲ್ಲಿ ನಡೆದ ಮಾತು ಒಂದಕ್ಷರವೂ ಮರೆತಿಲ್ಲ.

‘ಪರ್ಮಿಷನ್ ತಗೊಂಡಿದ್ರಾ?’

‘ಯಾರ ಹತ್ರ ತಗೋಬೇಕಿತ್ತು ಸಾರ್?’

‘ಪ್ರಾಜೆಕ್ಟ್ ಆಫೀಸಲ್ಲಿ.’

‘ಅದು ಎಲ್ಲಿದೆ?’

‘ಅದು ಮುಚ್ಚಿ ಐದಾರು ವರ್ಷ ಆಯ್ತಲ್ಲ.’

‘ಮತ್ತೆ ನಾನು ಯಾರನ್ನ ಕೇಳ್ಲಿ?’

ಅವರು ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ನಿಜವಾಗಲೂ ಯೋಚನೆ ಮಾಡಿದರು. ಆಮೇಲೆ ಹೇಳಿದರು: ‘ಆಫೀಸ್ ಮತ್ತೆ ಶುರುವಾದ್ಮೇಲೆ ಅರ್ಜಿ ಕೊಡಿ. ಅಲ್ಲೀವರೆಗೂ ಶೀಟ್ ತೆಗೆದಿಡಿ.’

ಶಾಸಕರೇ, ಪ್ಲಾಂಟ್ ಇಲ್ಲ. ಪ್ಲಾಂಟಿನ ಆಫೀಸೂ ಇಲ್ಲ. ಆದರೆ ಆ ಪ್ಲಾಂಟಿಗೆ ನಮ್ಮ ಹಸುವಿನ ತಲೆ ಮೇಲಿರೋ ಶೀಟ್ ಅಡ್ಡಿ! ನಗಬೇಕೋ ಅಳಬೇಕೋ ನೀವೇ ಹೇಳಿ. ಶೀಟ್ ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ.

ಗ್ಯಾಸ್ ಕಷ್ಟ ನನಗೆ ಅರ್ಥವಾಗೋದಿಲ್ಲ ಅಂದುಕೊಳ್ಳಬೇಡಿ. ಕಾದು ಕಾದು ಅದನ್ನೂ ಓದಿಕೊಂಡಿದ್ದೇನೆ. ಕೃಷ್ಣಾ-ಗೋದಾವರಿ ಕಡಲಲ್ಲಿ ಎಣಿಸಿದಷ್ಟು ಗ್ಯಾಸ್ ಸಿಗಲಿಲ್ಲ. ಹಡಗಲ್ಲಿ ತರಿಸೋದು ದುಬಾರಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲಂತೂ ಬೆಲೆ ಆಕಾಶಕ್ಕೆ ಹೋಯಿತು. ದೇಶದಲ್ಲಿ ಕಟ್ಟಿದ್ದ ಸುಮಾರು 25,000 ಮೆಗಾವ್ಯಾಟ್ ಗ್ಯಾಸ್ ಪ್ಲಾಂಟ್‌ಗಳಲ್ಲಿ ಎಷ್ಟೋ ಸುಮ್ನೆ ನಿಂತಿವೆ. ಯಲಹಂಕದ 370 ಮೆಗಾವ್ಯಾಟ್ ಪ್ಲಾಂಟ್ ನೋಡಿ. 2020ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಸುವಾಗ ಬೆಂಕಿ ಬಿತ್ತು, ಜನ ಸುಟ್ಟುಕೊಂಡರು. ಉದ್ಘಾಟನೆ ಆಗೋಕೆ 2024 ಬಂತು. ಅದಾದರೂ ರಾಜಧಾನಿ ಮಗ್ಗುಲಲ್ಲಿದೆ. ಬಿಡದಿಯಲ್ಲಿ 1,400 ಮೆಗಾವ್ಯಾಟ್ ಗ್ಯಾಸ್ ಪ್ಲಾಂಟ್ ಅಂತಿದ್ದರು. ಈಗ ಅಲ್ಲಿರೋದು ಕಸ ಸುಟ್ಟು 11.5 ಮೆಗಾವ್ಯಾಟ್ ತೆಗೆಯೋ ಘಟಕ. ಇದನ್ನೆಲ್ಲ ನೋಡಿದ ಮೇಲೂ ನಮ್ಮೂರಿಗೆ ಪ್ಲಾಂಟ್ ಬರುತ್ತದೆ ಅಂತ ನಿಮಗೆ ನಂಬಿಕೆ ಇದ್ದರೆ, ದಯವಿಟ್ಟು ಬಂದು ನಮ್ಮಮ್ಮನಿಗೆ ಹೇಳಿ. ನನ್ನ ಮಾತು ಅವಳು ನಂಬೋದು ಬಿಟ್ಟಿದ್ದಾಳೆ.

ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದಾಗ ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಪಹಣಿಯಲ್ಲಿ ಹೆಸರು ರೈತರದೇ. ಅಲ್ಲಿಯವರಿಗೂ ತಕರಾರು ಇರಬಹುದು. ಆದರೆ ಬಾಡಿಗೆ ಬರುತ್ತದೆ, ಅಲ್ವಾ? ನಮ್ಮದು ಕೊಟ್ಟಿದ್ದೂ ಅಲ್ಲ, ಉಳಿದಿದ್ದೂ ಅಲ್ಲ.

ಪ್ರತಿ ಚುನಾವಣೆಗೆ ಮುಂಚೆ ‘ಫೈಲ್ ಮೂವ್ ಆಗ್ತಿದೆ’ ಅಂತೀರಿ. ಮೂರು ಚುನಾವಣೆ ಆಯಿತು. ಜಿಲ್ಲಾ ಕೇಂದ್ರದಲ್ಲಿ ಕೇಳಿದರೆ ಬೆಂಗಳೂರಲ್ಲಿದೆ ಅಂತಾರೆ. ಬೆಂಗಳೂರಲ್ಲಿ ಕೇಳಿದರೆ ಜಿಲ್ಲಾ ಕೇಂದ್ರಕ್ಕೆ ಕಳಿಸಿದ್ದೇವೆ ಅಂತಾರೆ. ಮೂವ್ ಆಗ್ತಿರೋದು ನಿಜವೇ ಇರಬೇಕು, ಎಲ್ಲೂ ನಿಲ್ಲದೆ ತಿರುಗ್ತಾನೇ ಇದೆ.

ಈ ಅಧಿವೇಶನದಲ್ಲಿ ಒಂದೇ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸೋ ಪ್ರಶ್ನೆ, ಕೇಳಿ ಸ್ವಾಮಿ. ‘ಈ ಸ್ಥಾವರ ಕಟ್ಟುತ್ತೀರೋ ಇಲ್ಲವೋ?’ ಹೌದು ಅಂದರೆ ತಾರೀಖು, ಪರಿಹಾರ ಎರಡನ್ನೂ ಬರಹದಲ್ಲಿ ಕೊಡಿಸಿ. ಇಲ್ಲ ಅಂದರೆ ಅಧಿಸೂಚನೆ ವಾಪಸ್ ತೆಗೆಸಿ, ಪಹಣಿ ಶುದ್ಧ ಮಾಡಿಸಿ. ‘ಪರಿಶೀಲನೆಯಲ್ಲಿದೆ’ ಅನ್ನೋ ಉತ್ತರ ಮಾತ್ರ ತರಬೇಡಿ. ಬೇರೆ ಕಚೇರಿಗಳಿಂದ ಬಂದಿದ್ದು ಅಂಥದ್ದು ನಮ್ಮ ಮನೆಯಲ್ಲಿ ಈಗಾಗಲೇ ಮೂರಿದೆ.

ಮುಂಗಾರು ಹತ್ತಿರ ಬಂತು. ಕೊಟ್ಟಿಗೆಯ ಹಿಂದಿನ ಗೋಡೆ ಕಡೆ ಸೋರುತ್ತಿದೆ, ಇನ್ನೆರಡು ಶೀಟ್ ಹಾಕಿಸಬೇಕು. ಪರ್ಮಿಷನ್ ಯಾರ ಹತ್ತಿರ ಕೇಳಬೇಕು ಅಂತ ತಿಳಿಸಿ.

ಇಂತಿ,
ಗ್ಯಾಸ್ ಪ್ಲಾಂಟ್ ಜಮೀನಿನ ರೈತ