ಗಾಂಜಾ ಬಿಡಿಸಲು ಒಂದು ಬಾಗಿಲು, ಮನೋರೋಗಕ್ಕೆ ಇನ್ನೊಂದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ವ್ಯಸನಿಯನ್ನು ಜೈಲಿಗೆ ಹಾಕುವ ಬದಲು ನ್ಯಾಯಾಧೀಶರ ನಿಗಾದಲ್ಲಿ ಚಿಕಿತ್ಸೆಗೆ ಕಳಿಸುವ, ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದ ಡ್ರಗ್ ಕೋರ್ಟ್‌ನಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಇರುವುದು ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಎರಡು ಕಲಂಗಳು. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿ ಒಪ್ಪಿದರೆ, ಕಲಂ 39ರಂತೆ ನ್ಯಾಯಾಲಯ ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ಅವನು ಚಿಕಿತ್ಸೆಯ ವರದಿ ಒಪ್ಪಿಸಬೇಕು. ಇಂಥದೇ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದವನಿಗೆ ಕಲಂ 64ಎ ವಿಚಾರಣೆಯಿಂದಲೇ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತರೆ ಆ ರಕ್ಷಣೆ ಹೋಗಬಹುದು.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಎಷ್ಟೋ ಸಲ ರೋಗಿಯ ತಪ್ಪಿನಿಂದಲ್ಲ. ದಿನಾ ಗಾಂಜಾ ಸೇದುವ ಹುಡುಗನಿಗೆ ಕಿವಿಯಲ್ಲಿ ಯಾರೋ ಬೈದಂತೆ ಕೇಳುತ್ತಿದ್ದರೆ ವ್ಯಸನಮುಕ್ತಿ ಕೇಂದ್ರದವರು ‘ಇದು ಮಾನಸಿಕ ಕೇಸು’ ಎಂದು ಸಾಗಹಾಕುತ್ತಾರೆ. ಮನೋರೋಗ ವಿಭಾಗಕ್ಕೆ ಹೋದರೆ ‘ಮೊದಲು ಗಾಂಜಾ ಬಿಟ್ಟು ಬಾ’ ಅನ್ನುತ್ತಾರೆ. ಮಾದಕವಸ್ತುವಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯೂ ಮನೋರೋಗವೇ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಹೀಗೆ ವಾಪಸ್ ಕಳಿಸುವುದು ನಿಲ್ಲಲೇಬೇಕು.

ನಶೆಯಿಂದಲೇ ಬಂದ ಭ್ರಮೆಗಳು ಸಾಮಾನ್ಯವಾಗಿ ಬಿಟ್ಟ ಒಂದು ತಿಂಗಳೊಳಗೆ ಇಳಿಯುತ್ತವೆ. ಆಮೇಲೂ ಉಳಿದರೆ ಸ್ಕಿಜೋಫ್ರೇನಿಯಾದಂಥ ಸ್ವತಂತ್ರ ಕಾಯಿಲೆ ಇರಬಹುದೆಂದು ನೋಡಬೇಕು. ಆದ್ದರಿಂದ ಮೊದಲ ವಾರವೇ ಕೊನೆಯ ಮಾತು ಬರೆದುಕೊಡಿ ಎಂದು ವೈದ್ಯರನ್ನು ಒತ್ತಾಯಿಸಬಾರದು. ಹಾಗೆಂದು ಭ್ರಮೆಗೆ ಮಾತ್ರೆ ಕೊಡಲು ತಿಂಗಳು ಕಾಯುವುದೂ ಸಲ್ಲದು.

ಮೂತ್ರಪರೀಕ್ಷೆಯದು ಇನ್ನೊಂದು ಗೋಳು. ನಿತ್ಯ ಸೇದುತ್ತಿದ್ದವನ ಮೂತ್ರ, ಬಿಟ್ಟ ತಿಂಗಳವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ದಿನ, ಪಾಸಿಟಿವ್ ಬರುತ್ತದೆ. ಮೂರನೇ ವಾರ ಮೂತ್ರದಲ್ಲಿ ಅದ್ದಿದ ಪರೀಕ್ಷಾ ಸ್ಟ್ರಿಪ್ ನೋಡಿ ‘ಮತ್ತೆ ಸೇದಿದ್ದಾನೆ’ ಎಂದು ವರದಿ ಬರೆದರೆ ಬಿಟ್ಟವನೇ ಜೈಲು ಸೇರುತ್ತಾನೆ. ಸ್ಟ್ರಿಪ್ ಪಾಸಿಟಿವ್ ಬಂದದ್ದು ಪ್ರಯೋಗಾಲಯದಲ್ಲಿ ಖಚಿತವಾಗಬೇಕು, ಬಿಟ್ಟ ದಿನಾಂಕ ಪಕ್ಕದಲ್ಲೇ ಇರಬೇಕು.

ಹೆರಾಯಿನ್ ವಿಷಯದಲ್ಲಿ ಪ್ರಾಣವೇ ಹೋಗುತ್ತದೆ. ಜೈಲಿನಲ್ಲಿದ್ದಾಗ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಬಿಡುಗಡೆಯಾದ ಮೊದಲ ಎರಡು ವಾರ ಹಳೆಯ ಪ್ರಮಾಣವೇ ಕೊಲ್ಲಬಲ್ಲದು. ಒಬ್ಬ ವೈದ್ಯರು ಹೆರಾಯಿನ್ ಚಟ ಬಿಡಿಸಲು ಬುಪ್ರೆನಾರ್ಫಿನ್ ಎಂಬ ಔಷಧಿ ಕೊಡುತ್ತಿರುತ್ತಾರೆ, ಅದು ಗೊತ್ತಿಲ್ಲದ ಇನ್ನೊಬ್ಬರು ಗಾಬರಿಗೆಂದು ಅಲ್ಪ್ರಜೋಲಮ್ ಎಂಬ ಮಂಪರು ತರುವ ಮಾತ್ರೆ ಬರೆಯುತ್ತಾರೆ. ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ಕಟ್ಟಬಹುದು.

ಅದಕ್ಕೇ ನಮ್ಮ ಬೇಡಿಕೆ: ಎರಡೂ ಕಾಯಿಲೆಗೆ ಒಂದೇ ತಂಡ, ಒಂದೇ ಔಷಧಿ ಚೀಟಿ ಇರಲಿ. ನ್ಯಾಯಾಲಯ ಚಿಕಿತ್ಸೆಗೆ ಬಿಟ್ಟ ಪ್ರತಿಯೊಬ್ಬರಿಗೂ ಒಂದು ವಾರದೊಳಗೆ ಮನೋವೈದ್ಯರ ತಪಾಸಣೆ ಆಗಲಿ. ಜೈಲಿನಿಂದ ಹೊರಬರುವವನ ಕೈಯಲ್ಲಿ ಮುಂದಿನ ಭೇಟಿಯವರೆಗಿನ ಮಾತ್ರೆ ಇರಲಿ. ಮುಂದಿನ ಭೇಟಿಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಸಾಕು. ಇಂಥವರಿಗೆ ಮಂಗಳವಾರ ಕೋರ್ಟಿನ ವಾಯಿದೆ ಬೇಡವೆಂದು ಸರ್ಕಾರ ಹೈಕೋರ್ಟ್‌ಗೆ ಕೋರಿಕೆ ಸಲ್ಲಿಸಲಿ. ಕೂಲಿ ಬಿಟ್ಟು, ಬಸ್ಸು ಹಿಡಿದು ಬರುವ ತಾಯಿ ಮಗನನ್ನು ಒಂದೇ ದಿನ ಎರಡೂ ಕಡೆ ಕರೆದೊಯ್ಯಲಾರಳು.

ಇಂತಿ,
ವ್ಯಸನ ಮತ್ತು ಮನೋರೋಗ ಚಿಕಿತ್ಸೆಯಲ್ಲಿ ದುಡಿಯುವ ವೈದ್ಯರು, ಆಪ್ತಸಮಾಲೋಚಕರು